ಗೋಡೆಯ ಮೇಲಿನ ಗೆರೆಗಳು

ಲಾಟ್ವಿಯಾದ ಆ ಸಣ್ಣ ಊರಿನ ಅರಮನೆ ಕಂಡ ಒಡೆಯರು ಒಬ್ಬಿಬ್ಬರಲ್ಲ. ಮೊದಲು ಜಮೀನ್ದಾರ, ಆಮೇಲೆ ಶಾಲೆ, ಯುದ್ಧಕಾಲದಲ್ಲಿ ಅನಾಥಾಲಯ, ಅದೂ ಹೋಗಿ ಸರ್ಕಾರಿ ಕಚೇರಿ. ಬಂದವರೆಲ್ಲ ಗೋಡೆಗೆ ತಮ್ಮ ತಮ್ಮ ಬಣ್ಣ ಬಳಿದೇ ಹೋಗಿದ್ದರು. ಈಗ ಅದು ಮ್ಯೂಸಿಯಂ. ಪದರ ಪದರವಾಗಿ ಬಣ್ಣ ಕೆರೆದು ಅಡಿಯಲ್ಲಿದ್ದ ಪೆನ್ಸಿಲ್ ಗೆರೆಗಳನ್ನು ಹೊರಗೆ ತಂದವಳು ಗೈಡ್ ಇಲ್ಜೆಯೇ. ಅವನ್ನು ತೋರಿಸುವಾಗಲೆಲ್ಲ ಅವಳ ಮುಖ ಅರಳುತ್ತಿತ್ತು.

“ಜಮೀನ್ದಾರರ ಮಕ್ಕಳು ಪ್ರತಿ ಹುಟ್ಟುಹಬ್ಬಕ್ಕೂ ಇಲ್ಲಿ ನಿಂತು ಎತ್ತರ ಅಳೆಸಿಕೊಳ್ತಿದ್ರು. ಒಂದರ ಮೇಲೊಂದು ಗೆರೆ, ನೋಡಿ ಹೇಗೆ ಬೆಳೆದಿದ್ದಾರೆ!”

ಮೊಮ್ಮಗಳ ಜೊತೆ ಬಂದಿದ್ದ ಮುದುಕಿ ಗೋಡೆಯಿಂದ ಕಣ್ಣು ಕೀಳಲೇ ಇಲ್ಲ.

“ಬಾ ಪುಟ್ಟಿ, ನಿನ್ನ ಎತ್ತರವನ್ನೂ ನೋಡೋಣ,” ಎಂದಳು ಇಲ್ಜೆ.

ಹುಡುಗಿ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮುದುಕಿ ಅವಳ ರಟ್ಟೆ ಹಿಡಿದು ಎಳೆದುಕೊಂಡಳು.

“ಪರವಾಗಿಲ್ಲ ಅಜ್ಜಿ, ಗೋಡೆಗೇನೂ ಆಗಲ್ಲ,” ಎಂದಳು ಇಲ್ಜೆ.

“ಇವು ಜಮೀನ್ದಾರನ ಮಕ್ಕಳವಲ್ಲಮ್ಮ, ನಮ್ಮವು. ಅನಾಥಾಲಯಕ್ಕೆ ವಿಷಮಜ್ವರ ಬಂದ ಚಳಿಗಾಲ ಅದು. ಕಾಯಿಲೆ ಬಿದ್ದವರನ್ನೆಲ್ಲ ಹೊಸ ಕೋಟು ಹೊಲಿಸ್ತೀವಿ ಅಂತ ಇಲ್ಲಿ ನಿಲ್ಲಿಸಿ ಅಳತೆ ತಗೊಂಡ್ರು. ಎಷ್ಟು ಖುಷಿಯಿಂದ ನಿಂತ್ವಿ ಗೊತ್ತಾ?”

“ಕೋಟು ಬಂತಾ ಅಜ್ಜಿ?” ಮೊಮ್ಮಗಳು ಕೇಳಿದಳು.

ಮುದುಕಿ ಒಂದು ಗೆರೆಯ ಮೇಲೆ ಬೆರಳಿಟ್ಟು, ಇಲ್ಜೆಯ ಮುಖ ನೋಡಿದಳು.

“ಅಳತೆ ತಗೊಂಡೋನು ಊರಿನ ಬಡಗಿ. ಇದು ನನ್ನ ಗೆರೆ. ನಾನು ಬದುಕಿಕೊಂಡೆ, ನನಗೆ ಅಂತ ಮಾಡಿದ್ದ ಪೆಟ್ಟಿಗೆಯಲ್ಲಿ ನನ್ನ ತಂಗೀನ ಮಲಗಿಸಿದ್ರು. ಅವಳಿಗದು ಉದ್ದವಾಯ್ತು.”