ಹಿತಕಿದವರೆ

ದಾಕ್ಷಾಯಿಣಿ ಕೈಗೆತ್ತಿಕೊಂಡ ತುತ್ತನ್ನು ಹಾಗೇ ತಟ್ಟೆಗಿಳಿಸಿದಳು. ಅವಳಿಗೆ ಹಿತಕಿದವರೆ ಸಾರು. ಎದುರಿಗೆ ಕೂತ ಅಪ್ಪ ಶಿವಮಲ್ಲಪ್ಪನಿಗೆ ಬರೀ ಅನ್ನ, ತಿಳಿ ಹುಣಸೆ ಸಾರು. ಮಿದುಳಿನ ಗೆಡ್ಡೆಗೆ ಆಪರೇಷನ್ ಆಗಿ ತಿಂಗಳಾಗಿತ್ತು; ಪೂರ್ತಿ ತೆಗೆಯಲು ಆಗಿರಲಿಲ್ಲ. ಕತ್ತಿನ ಮೂಳೆ ಎದ್ದು ಕಾಣುತ್ತಿದ್ದ ಅವನ ಕಣ್ಣು ಮಗಳ ತಟ್ಟೆಯ ಮೇಲಿತ್ತು.

"ಅವ್ವ, ಅಪ್ಪಂಗ್ಯಾಕೆ ಕಾಳು ಬಡಿಸ್ಲಿಲ್ಲ?"

"ನೀನೇ ಯೋಳಿದ್ದಲ್ಲ, ಗೆಡ್ಡೆ ಪ್ರೋಟೀನು ತಿನ್ಕೊಂಡು ಮುಂದುಕ್ಕೋಯ್ತದೆ ಅಂತ. ನೀನು ಆಸ್ಟೆಲ್ಗೋದಾಗಿಂದ ಕಾಳು, ಬ್ಯಾಳೆ, ಮೊಸ್ರು ಒಂದೂ ಮುಟ್ಸಿಲ್ಲ." ಸಿದ್ದಲಿಂಗಮ್ಮನ ದನಿಯಲ್ಲಿ ಹೆಮ್ಮೆಯಿತ್ತು.

ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಓದುತ್ತಿದ್ದ ದಾಕ್ಷಾಯಿಣಿ ಎಂಜಲು ಕೈಯಲ್ಲೇ ಹಣೆ ಚಚ್ಚಿಕೊಂಡಳು. "ಊಟದ ಪ್ರೋಟೀನಲ್ಲ ಕಣವ್ವ. ಮಿದುಳೊಳಗೆ ಜೀವಕೋಶಗಳ ಸುತ್ತ ಪ್ರೋಟೀನಿಂದೇ ಒಂದು ಬೇಲಿ ಇರ್ತದೆ. ಗೆಡ್ಡೆ ಎಂಜೈಮ್ ಬಿಟ್ಟು ಆ ಬೇಲೀನ ಕರಗಿಸ್ಕೊಂಡು ನುಗ್ತದೆ. ಎಷ್ಟು ಸಲ ಹೇಳ್ಲಿ?"

"ಬೇಲಿ ಅಂತ ಒಂದ್ಸಲನಾದ್ರೂ ಅಂದಿದ್ಯಾ? ಬರೀ ಇಂಗ್ಲೀಷು." ಸಿದ್ದಲಿಂಗಮ್ಮ ಸೌಟನ್ನು ಪಾತ್ರೆಗೆ ಬಿಟ್ಟು ಮಗಳತ್ತ ತಿರುಗಿದಳು. "ಅಂಗಾರೆ ನಾನು ಕಾಳು ಇಕ್ಕುದ್ರೂ ಅದು ಬೇಲಿ ತಿಂತದೆ, ಇಕ್ದಿದ್ರೂ ತಿಂತದೆ?"

ರೇಗಲೆಂದು ಬಾಯಿ ತೆರೆದಿದ್ದ ದಾಕ್ಷಾಯಿಣಿ, "ಹೂಂ," ಅಂದಳು ಅಷ್ಟೆ.

ಸಿದ್ದಲಿಂಗಮ್ಮ ಸಾರಿನ ಪಾತ್ರೆಯನ್ನೇ ತಂದು ಗಂಡನ ಪಕ್ಕ ಕುಕ್ಕಿದಳು. ತಳದಿಂದ ಕಾಳು ಮೊಗೆಮೊಗೆದು ಅವನ ತಟ್ಟೆಗೆ ಸುರಿದಳು.

"ನೀವೂ ತಿನ್ನಿ ಅತ್ಲಾಗೆ. ಅದೊಂದೇ ಯಾಕ್ ತಿನ್ಬೇಕು?"