ಮಡಿಸದ ಹಾಳೆ

“ಈ ಹಾಳೆ ನಾನು ಮಡಿಸಲ್ಲ ಮೇಷ್ಟ್ರೇ.”

ಪುಸ್ತಕ ಹೊಲಿಯುವ ಹೆಂಗಸು ಇಷ್ಟು ಹೇಳಿ ಕೈಕಟ್ಟಿ ನಿಂತಾಗ ಪ್ರೆಸ್ಸಿನ ಗಡಿಯಾರದಲ್ಲಿ ಹನ್ನೊಂದು. ನಾಲ್ಕಕ್ಕೆ ಪುಸ್ತಕದ ಬಿಡುಗಡೆ. ಊರಿನ, ಸುತ್ತಲ ಹಳ್ಳಿಗಳ ಹಳೆಯ ಕಥೆಗಳನ್ನು ಹತ್ತು ವರ್ಷ ಮನೆಮನೆ ಅಲೆದು ಕೂಡಿಹಾಕಿದ್ದ ನಿವೃತ್ತ ಮೇಷ್ಟರು ಮತ್ತೊಮ್ಮೆ ಗಡಿಯಾರ ನೋಡಿದರು. ಮೊದಲ ಪ್ರತಿ ತಮ್ಮ ಅಮ್ಮನ ಕೈಗೆ ಎಂದು ಊರಿಗೆಲ್ಲ ಸಾರಿ ಆಗಿತ್ತು. ಅರ್ಧಕ್ಕರ್ಧ ಕಥೆಗಳನ್ನು ಹೇಳಿದ್ದೇ ಆ ತೊಂಬತ್ತರ ಅಮ್ಮ.

“ಈಗ್ಯಾಕಮ್ಮಾ ತಕರಾರು?”

“ಓದಿ,” ಎಂದು ಅವಳು ನಲವತ್ತೆಂಟನೇ ಪುಟದ ಮೇಲೆ ಬೆರಳಿಟ್ಟಳು.

ಮೇಷ್ಟರಿಗೆ ಅದು ಬಾಯಿಪಾಠ. ಕೆರೆಯ ಏರಿ ಒಡೆದ ಬೆಳಿಗ್ಗೆ ಕಾವಲುಗಾರ ಎಚ್ಚರಿಕೆಯ ಗಂಟೆ ಬಾರಿಸದೆ ಓಡಿಹೋದ. ಕೆಳಗಿನ ಹಳ್ಳಿಯಲ್ಲಿ ಒಂಬತ್ತು ಜನ ನೀರುಪಾಲಾದರು. ಆ ಕಾವಲುಗಾರನ ಮಗಳೇ ಈಕೆ ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಇತಿಹಾಸ ಬರೆಯುವಾಗ ಮುಖದಾಕ್ಷಿಣ್ಯ ನಡೆಯುತ್ತದೆಯೇ?

“ಊರೆಲ್ಲ ಹೇಳೋದನ್ನೇ ಬರೆದಿದ್ದೀನಿ. ನಮ್ಮಮ್ಮನೂ ಹೇಳಿದ್ದಾಳೆ. ನಿನ್ನ ಸಂಕಟ ಅರ್ಥ ಆಗುತ್ತೆ, ಆದರೆ...”

“ಪಕ್ಕದ್ದನ್ನೂ ಓದಿ.”

ಹದಿನಾರು ಪುಟಗಳ ದೊಡ್ಡ ಹಾಳೆ ಅದು. ಮಡಿಸಿ ಹೊಲಿದ ಮೇಲೆ ಮೊದಲ ಪುಟ ಎಲ್ಲೋ, ಕೊನೆಯದು ಎಲ್ಲೋ. ಮಡಿಸುವ ಮುಂಚೆ ಮಾತ್ರ ಎರಡೂ ಅಕ್ಕಪಕ್ಕ. ನಲವತ್ತೆಂಟರ ಮಗ್ಗುಲಲ್ಲೇ ಮೂವತ್ತಮೂರು ಇತ್ತು. ಅಮ್ಮನ ಬಗ್ಗೆ ಮೇಷ್ಟರು ಕಣ್ಣು ಒರೆಸಿಕೊಳ್ಳುತ್ತಾ ಬರೆದ ಪುಟ: ‘ಆ ಮಳೆಗಾಲ ನನಗೆ ಏಳು ವರ್ಷ. ವಿಪರೀತ ಜ್ವರ. ಗಾಳಿಗೆ ಏರಿಯ ಗಂಟೆ ಢಣ್ ಎಂದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ. ಅಮ್ಮ ಯಾರಿಗೂ ಹೇಳದೆ ಏಣಿ ಹತ್ತಿ ಗಂಟೆಯ ನಾಲಿಗೆಗೆ ತನ್ನ ಹಳೇ ಸೀರೆ ಸುತ್ತಿಬಂದಳು.’

“ಕೆರೆ ಒಡೆದಾಗ ನಿಮಗೆ ಎಷ್ಟು ವರ್ಷ ಮೇಷ್ಟ್ರೇ?”

“ಏಳು...” ಎಂದವರು ಎರಡೂ ಪುಟಗಳ ಮೇಲೆ ಮತ್ತೆ ಬಗ್ಗಿದರು. ಎರಡನ್ನೂ ಬರೆದದ್ದು ತಾವೇ. ಒಂದು ಸಲವಾದರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

“ಅಂಗೈ ಕಿತ್ತುಹೋಗೋ ತನಕ ಹಗ್ಗ ಎಳೆದೆ, ಗಂಟೆ ಬಾಯೇ ಬಿಡಲಿಲ್ಲ, ಅದಕ್ಕೇ ಕೂಗ್ತಾ ಹಳ್ಳಿ ಕಡೆ ಓಡಿದೆ ಅಂತ ಅಪ್ಪ ಸಾಯೋವರೆಗೂ ಹೇಳಿದ್ರು. ಯಾರೂ ನಂಬಲಿಲ್ಲ.” ಅವಳು ಹಾಳೆಯಿಂದ ಬೆರಳು ತೆಗೆದಳು. “ನಾನೂ ನಂಬಲಿಲ್ಲ, ಪಾಪಿ!”

ಪ್ರೆಸ್ಸಿನ ಮಾಲೀಕ ಮೆಲ್ಲಗೆ ಕೆಮ್ಮಿದ. “ಸಾರ್, ಮೂವತ್ತಮೂರನ್ನ ತೆಗೆದುಬಿಡೋಣ. ಯಾರಿಗೂ ತಿಳಿಯಲ್ಲ.”

“ನನಗೆ ತಿಳೀತಲ್ಲ,” ಎಂದಳು ಅವಳು.

ಮೇಷ್ಟರು ಮನೆಗೆ ಫೋನ್ ಹಚ್ಚಿದರು. ಅಮ್ಮ ಹೇಗೂ ಗಟ್ಟಿಯಾಗಿ ಮಾತಾಡುವವಳು; ಮೂವರಿಗೂ ಕೇಳುವುದು ಖಂಡಿತ. ಕೇಳಲಿ. ಬಿಚ್ಚಿದ್ದೆ ಅಂತ ಒಂದು ಮಾತು ಹೇಳಿಬಿಡಮ್ಮಾ ಎಂದು ಒಳಗೊಳಗೇ ಬೇಡಿಕೊಂಡರು.

“ಅಮ್ಮಾ, ನನಗೆ ಜ್ವರ ಬಂದಾಗ ಗಂಟೆಗೆ ಸೀರೆ ಸುತ್ತಿದ್ಯಲ್ಲ, ಏರಿ ಒಡೆಯೋಕೆ ಮುಂಚೆ ಅದನ್ನ ಬಿಚ್ಚಿದ್ಯಾ?”

ಅಮ್ಮನ ದನಿ ಎಂದಿನಂತೆ ಗಟ್ಟಿಯಾಗಿಯೇ ಬಂತು.

“ಹೇಗೆ ಬಿಚ್ಚಲಿ ಮಗಾ? ನಾಲ್ಕು ದಿನ ನಿದ್ದೆ ಇಲ್ಲದೆ ಒದ್ದಾಡಿ ಆಗಷ್ಟೇ ನಿನಗೆ ಕಣ್ಣು ಹತ್ತಿತ್ತು.”