ಇಸ್ತ್ರಿಯಾದ ಬಾತುಕೋಳಿ

"ಅಮ್ಮಾ, ನನ್ನ ಬಾತುಕೋಳಿಗೆ ಯಾರು ಇಸ್ತ್ರಿ ಹಾಕಿದ್ರು?" ಫ್ರೀಜರ್ ತೆರೆದು ಮಗಳು ಕಿರುಚಿದಳು. ಮನೆಮಂದಿಯೆಲ್ಲ ಪ್ರವಾಸಕ್ಕೆ ಹೊರಡುವ ಮುಂಚೆ ಅವಳು ತಟ್ಟೆಯಲ್ಲಿ ನಿಲ್ಲಿಸಿದ್ದ ಐಸಿನ ಬಾತು ಈಗ ಚಪ್ಪಟೆಯಾಗಿ ಬಿದ್ದಿತ್ತು.

ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ ತಾಯಿ ಬಂದು ಬಗ್ಗಿ ನೋಡಿದಳು. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟು ಹೋಗಿ, ಎಲ್ಲಾ ಕರಗಿ, ಮತ್ತೆ ಕಲ್ಲಾಗಿದೆ! ಹೊರಡುವ ಮೊದಲೇ ಕೂಸಿಗೆಂದು ಹಿಂಡಿಟ್ಟ ಎದೆಹಾಲೂ ಅಲ್ಲೇ ಇತ್ತು. "ಕಲ್ಲಿನಂಗಿದೆ, ಏನೂ ಆಗಿಲ್ಲ, ಕುಡಿಸಿ ಅತ್ತೆ" ಎಂದು ಬೆಳಿಗ್ಗೆ ಹೇಳಿದವಳು ಅವಳೇ.

ಕೋಣೆಗೆ ಓಡಿದಳು. ಅತ್ತೆಯ ತೊಡೆಯ ಮೇಲೆ ಕೂಸು ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಖಾಲಿ ಬಾಟಲಿ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಯಾಕೇ, ದೆವ್ವ ನೋಡ್ದಂಗೆ ನಿಂತೆ? ಮೊದ್ಲು ಒಂದ್ ಗುಟುಕು ನಾನೇ ಕುಡಿದೆ ಕಣೇ. ಈ ವಯಸ್ಸಲ್ಲಿ ಎದೆಹಾಲು! ಥೂ, ಕೆಟ್ಟಿತ್ತು, ಚೆಲ್ಲಿಬಿಟ್ಟೆ. ಇವನು ಅತ್ತೂ ಅತ್ತೂ ಈಗ ಮಲಗಿದ. ಬಾ, ಎಬ್ಬಿಸಿ ಕುಡಿಸು."